ಮೂವತ್ತೊಂಬತ್ತನೆಯ ಮಾಳಿಗೆ

ಒಂದು ಚೀಲ ಸುಣ್ಣಕ್ಕೆ ಮುನ್ನೂರ ಇಪ್ಪತ್ತು ರೂಪಾಯಿ. ಬಡಗಿಗಳು ಬಳಸುವ ಬಿಳಿ ಅಂಟು ಎರಡು ಕಿಲೋಗೆ ನಾನೂರು. ಎರಡು ಮುಷ್ಟಿ ಉಪ್ಪು ಮನೆಯದೇ. ನೀರು ಐದು ಕೊಡ. ನಳ ಬಂದ ದಿನ ಪುಕ್ಕಟೆ, ಬಾರದ ದಿನ ಟ್ಯಾಂಕರಿನದು. ಕೂಲಿ ಆರುನೂರು. ಇಷ್ಟು ಖರ್ಚಿನಲ್ಲಿ ಶಹಾಬಾದದ ಎರಡು ಕೋಣೆಯ ಮನೆಯ ಮಾಳಿಗೆ, ಅಂದರೆ ಮೇಲ್ಛಾವಣಿ, ಮಳೆಗಾಲದ ತನಕ ಬೆಳ್ಳಗಿರುತ್ತದೆ. ಅದೇ ಮನೆಗೆ ಕೂಲರ್ ತಂದರೆ ಏಳು ಸಾವಿರ. ಅದಕ್ಕೆ ದಿನಾ ಎರಡು ಕೊಡ ನೀರು ಬೇಕು, ಕರೆಂಟು ಬೇಕು. ಮಧ್ಯಾಹ್ನ ಎರಡು ಗಂಟೆಗೆ, ಬಿಸಿಲು ಮೈಮೇಲೆ ಬರುವ ಹೊತ್ತಿಗೇ, ಕರೆಂಟು ಹೋಗುತ್ತದೆ.

ಈ ಲೆಕ್ಕವನ್ನು ತುಳಜಾಬಾಯಿ ಬೆರಳು ಮಡಚುತ್ತಾ ಹೇಳುತ್ತಾರೆ. ಆರು ವರ್ಷಗಳಿಂದ ನಳದ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ, ವಾಡಿ ಕಡೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ, ಸಿಕ್ಕಸಿಕ್ಕವರಿಗೆ ಹೇಳಿ ಹೇಳಿ ಅದು ಅವರಿಗೆ ಬಾಯಿಪಾಠವಾಗಿದೆ.

ಈಗ ಏಪ್ರಿಲ್ ತಿಂಗಳು, ಬೆಳಗಿನ ಐದು ಗಂಟೆ. ಭಟ್ಟಿ ಓಣಿಯ ಒಂದು ಮಾಳಿಗೆಯ ಮೇಲೆ ತುಳಜಾಬಾಯಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಕಸ ಗುಡಿಸುತ್ತಿದ್ದಾರೆ. ವಯಸ್ಸು ಐವತ್ನಾಲ್ಕು. ಕಣ್ಣಿಗೆ ದಪ್ಪ ಚಾಳೀಸು. ಅದು ಓದಲಿಕ್ಕಲ್ಲ, ಸುಣ್ಣ ಸಿಡಿಯದಿರಲೆಂದು. ಮೊಣಕೈವರೆಗೆ ಕುಸುಬೆ ಎಣ್ಣೆ ಬಳಿದುಕೊಂಡಿದ್ದಾರೆ. ಹಿಂದಿನ ದಿನವೇ ಡ್ರಮ್ಮಿನಲ್ಲಿ ಅರಳಿಸಿಟ್ಟ ಸುಣ್ಣವನ್ನು ಬಕೆಟ್ಟಿಗೆ ಸುರಿದು, ಅಂಟು ಹಾಕಿ, ಕೋಲಿನಿಂದ ತಿರುವುತ್ತಾರೆ. ಮಜ್ಜಿಗೆಯ ಹದಕ್ಕೆ ಬಂದ ಮೇಲೆ ಉದ್ದ ಹಿಡಿಯ ಬ್ರಷ್ಷನ್ನು ಅದ್ದಿ ಮೂಲೆಯಿಂದ ಶುರುಮಾಡುತ್ತಾರೆ. ಬಿಸಿಲೇರಿದರೆ ಸುಣ್ಣ ಹಿಡಿಯುವ ಮೊದಲೇ ಒಣಗಿ ಪುಡಿಯಾಗುತ್ತದೆ. ಆದ್ದರಿಂದ ಒಂಬತ್ತರೊಳಗೆ ಕೆಲಸ ಮುಗಿಯಬೇಕು.

ಇಂದಿನ ಮಾಳಿಗೆ ಪಕ್ಕದ ಮನೆ ಲಲಿತಾಬಾಯಿಯವರದು. ಮೂವತ್ತು ವರ್ಷಗಳ ಗೆಳತಿ. ಕೆಳಗಿನ ಕೋಣೆಯಲ್ಲಿ ಲಲಿತಾಬಾಯಿಯ ಮಗಳು ಭಾಗ್ಯಜ್ಯೋತಿ ಇಪ್ಪತ್ನಾಲ್ಕು ದಿನದ ಕೂಸಿನೊಂದಿಗೆ ಮಲಗಿದ್ದಾಳೆ. ಹೋದ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ ಅದೇ ಕೋಣೆಯಲ್ಲಿ, ಅದೇ ಕಲ್ಲು ಮಾಳಿಗೆಯ ಕೆಳಗೆ, ಲಲಿತಾಬಾಯಿಯ ಗಂಡ ಅಮೃತಪ್ಪ ಮಲಗಿದವರು ಏಳಲಿಲ್ಲ. ಸಾವಿನ ಮನೆಗೆ ವರ್ಷ ತುಂಬುವ ತನಕ ಸುಣ್ಣ ಹಚ್ಚಬಾರದೆಂಬುದು ಇಲ್ಲಿಯ ವಾಡಿಕೆ. ವರ್ಷ ತುಂಬಲು ಇನ್ನೂ ಐದು ವಾರ ಇದೆ. ಬಿಸಿಲು ಐದು ವಾರ ಕಾಯುವುದಿಲ್ಲ.

"ಮೂವತ್ತೆಂಟ ಮನಿ ಹಚ್ಚೀನಿ ಈ ಓಣ್ಯಾಗ," ಎನ್ನುತ್ತಾರೆ ತುಳಜಾಬಾಯಿ, ಬ್ರಷ್ ನಿಲ್ಲಿಸದೆ. "ಯಾವ ಮನಿಗಿ ಹಚ್ಚಾಕನೂ ಇಷ್ಟ ಹೆದರಿಕಿ ಆಗಿರಲಿಲ್ಲ."

ತುಳಜಾಬಾಯಿ ಕಾಳಗಿ ಕಡೆಯ ಹಳ್ಳಿಯವರು. ಮದುವೆಯಾಗಿ ಶಹಾಬಾದಕ್ಕೆ ಬಂದಾಗ ಗಂಡ ದಶರಥ ಫರಸಿ ಕಲ್ಲಿನ ಚಪ್ಪಡಿಗಳನ್ನು ಲಾರಿಗೆ ಏರಿಸುವ ಕೂಲಿಯಾಗಿದ್ದರು. ಇವರು ಹಬ್ಬಕ್ಕೆ, ಮದುವೆಗೆ ಗೋಡೆಗಳಿಗೆ ಸುಣ್ಣ ಹಚ್ಚಲು ಹೋಗುತ್ತಿದ್ದರು. ಯುಗಾದಿ ಬಂತೆಂದರೆ ಊಟಕ್ಕೂ ಬಿಡುವಿರುತ್ತಿರಲಿಲ್ಲ. ಆಮೇಲೆ ಡಬ್ಬಿ ಬಣ್ಣಗಳು ಬಂದವು. ಅದನ್ನು ಹಚ್ಚುವ ಹುಡುಗರು ಬಂದರು. ಸುಣ್ಣದವರನ್ನು ಕೇಳುವವರಿಲ್ಲವಾಯಿತು. ಅದೇ ಹೊತ್ತಿಗೆ ದಶರಥರ ಸೊಂಟಕ್ಕೆ ಪೆಟ್ಟು ಬಿದ್ದು ಅವರು ಮಂಚ ಹಿಡಿದರು. ಈಗ ಕೂತಲ್ಲೇ ಸುಣ್ಣ ಅರಳಿಸುವುದು, ಅಂಟು ಅಳೆಯುವುದು ಅವರ ಪಾಲಿನ ಕೆಲಸ.

ಇಲ್ಲಿಯ ಹಳೆಯ ಮನೆಗಳಿಗೆ ಗೋಡೆಯಿಂದ ಗೋಡೆಗೆ ಕಬ್ಬಿಣದ ಗರ್ಡರ್ ಹಾಕಿ, ಅದರ ಮೇಲೆ ಫರಸಿ ಜೋಡಿಸಿ ಮಾಳಿಗೆ ಮಾಡುತ್ತಾರೆ. ಕಲ್ಲು ಊರದ್ದೇ, ಗಟ್ಟಿ, ನೂರು ವರ್ಷ ಬಾಳುತ್ತದೆ. ಆದರೆ ಬೆಳಗಿನಿಂದ ಕುಡಿದ ಬಿಸಿಲನ್ನು ಅದು ಸಂಜೆಯಿಂದ ಮನೆಯೊಳಗೆ ಉಗುಳುತ್ತದೆ. ಮೊದಲು ಮೇ ತಿಂಗಳ ಹದಿನೈದು ದಿನ ತಾಳಿಕೊಂಡರೆ ಆಗುತ್ತಿತ್ತು. ಈಗ ಮಾರ್ಚಿಗೇ ಶುರು.

ಆರು ವರ್ಷದ ಹಿಂದೆ ವಾಡಿಯಲ್ಲೊಂದು ಗೋದಾಮಿನ ಗೋಡೆಗೆ ಸುಣ್ಣ ಹಚ್ಚಿ ಅರ್ಧ ಡ್ರಮ್ ಉಳಿದಿತ್ತು. ಚೆಲ್ಲಲು ಮನಸ್ಸಾಗದೆ ತುಳಜಾಬಾಯಿ ಅದನ್ನು ಮನೆಗೆ ತಂದು ತಮ್ಮ ಮಾಳಿಗೆಯ ಮೇಲೆ ಬಳಿದರು. ಅಂದು ಸಂಜೆ ಮಂಚದ ಮೇಲಿನ ದಶರಥ ಹೆಂಡತಿಯನ್ನು ಕರೆದು, "ಮಾಳಗಿ ಇವತ್ತ ನನ್ನ ಮ್ಯಾಲ ಸಿಟ್ಟ ಮಾಡ್ಲಿಕತ್ತಿಲ್ಲ ನೋಡು" ಎಂದರು.

"ನಾನು ಬಿಳೇದು ಬಿಸಲ ಒಗೀತದ ಅಂತ ಯಾವ ಸಾಲ್ಯಾಗನೂ ಕಲ್ತಿಲ್ರೀ. ನಮ್ಮ ಮನುಷ್ಯಾ ದಿನಾ ಇಪ್ಪತ್ತನಾಲ್ಕ ತಾಸ ಮಾಳಗಿ ನೋಡ್ಕೋತ ಮಲಗತಿದ್ದ. ಮಾಳಗಿ ಬಗ್ಗಿ ಅವಗ ಗೊತ್ತಿದ್ದಷ್ಟು ಯಾ ಇಂಜಿನಿಯರಗೂ ಗೊತ್ತಿಲ್ಲ."

ಮರುದಿನವೇ ಅವರು ಓಣಿಯ ಮನೆಮನೆಗೆ ಹೋಗಿ ಹೇಳಿದರು. ಯಾರೂ ಸುಲಭಕ್ಕೆ ನಂಬಲಿಲ್ಲ. ಮಾಳಿಗೆಗೆ ಸುಣ್ಣ ಹಚ್ಚಿದರೆ ನೋಡುವವರು ಯಾರು, ಕಾಗೆಯೇ? ಆ ವರ್ಷ ನಂಬಿ ಹಚ್ಚಿಸಿದವರು ಇಬ್ಬರೇ. ಅವರಿಗೂ ತುಳಜಾಬಾಯಿ ಗೋಡೆಗೆ ಹಚ್ಚುವ ಹಾಗೆಯೇ ಹಚ್ಚಿದರು, ಅಂಟಿಲ್ಲದೆ. ಮೊದಲ ಅಡ್ಡಮಳೆಗೆ ಸುಣ್ಣವೆಲ್ಲ ತೊಳೆದು ಮೋರಿಯಲ್ಲಿ ಹಾಲಿನಂತೆ ಹರಿಯಿತು.

ಅದನ್ನು ನೋಡಿ ನಕ್ಕವರಲ್ಲಿ ಮೊದಲಿಗರು ಗಿರಣಿಯ ಮಜೀದಸಾಬ. ಅದನ್ನವರು ಇಂದೂ ಮರೆತಿಲ್ಲ. "ನಾನೇ ಅಂದೆ," ಎಂದು ಹಿಟ್ಟು ಹತ್ತಿದ ಗಡ್ಡ ಸವರಿಕೊಳ್ಳುತ್ತಾರೆ. "ಏ ತುಳಜಾಬಾಯಿ, ನಿನ್ನ ತಂಪೆಲ್ಲಾ ಗಟಾರದಾಗ ಹೊಂಟದ, ಒಂದ ಗಲಾಸ ತುಂಬಕೋ ಅಂದೆ."

"ಅಂದ್ರಿ. ಮುಂದಿಂದೂ ಹೇಳ್ರಿ ಮತ್ತ," ಎನ್ನುತ್ತಾರೆ ತುಳಜಾಬಾಯಿ.

"ಮುಂದಿಂದೇನು, ಶರತ್ತು ಸೋತೆ."

ಮರುವರ್ಷ ತುಳಜಾಬಾಯಿ ಅಂಟು ಬೆರೆಸಿ ತಮ್ಮ ಮಾಳಿಗೆಗೆ ಮತ್ತೆ ಹಚ್ಚಿದಾಗ ಕಟ್ಟಿದ ಪಂದ್ಯ ಇಷ್ಟು. ಎರಡು ಮನೆಯಲ್ಲೂ ಉಷ್ಣಮಾಪಕ ತೂಗುಹಾಕುವುದು, ಮಧ್ಯಾಹ್ನ ಎರಡು ಗಂಟೆಗೆ ನೋಡುವುದು, ಸೋತವರು ಒಂದು ತಿಂಗಳು ಚಹಾ ಕುಡಿಸುವುದು. ಮಜೀದಸಾಬರ ಕೋಣೆಯಲ್ಲಿ ನಲವತ್ತೈದು ಬಂತು, ದಶರಥರ ಮಂಚದ ಬಳಿ ನಲವತ್ತೊಂದು. ಚಹಾ ಕುಡಿಸಿದ ಮಜೀದಸಾಬ ಮರುವರ್ಷ ಗಿರಣಿಯ ತಗಡಿಗೂ ಸುಣ್ಣ ಹಚ್ಚಿಸಿದರು. ಗಿರಣಿಗೆ ಜೋಳ ತಂದ ಹೆಂಗಸರು ಅಲ್ಲಿ ಸರದಿ ಕಾಯುವಾಗ ತಲೆಯೆತ್ತಿ ತಗಡು ನೋಡಿ ಕೇಳತೊಡಗಿದರು. ಹಾಗೆ ಆ ಗಿರಣಿ ಕಟ್ಟೆ ತುಳಜಾಬಾಯಿಯ ಭಾಷಣದ ಕಟ್ಟೆಯಾಯಿತು. ಭಾಷಣ ಎಂದರೆ ಅವರು ನಗುತ್ತಾರೆ.

"ಭಾಷಣ ಊರಾಗ ಆಗಿತ್ರೀ ಒಂದ ಸಲ. ಪಡದಿ ಮ್ಯಾಲ ಒಂದು ಬಿಳಿ ಕರಡಿ ತೋರ್ಸಿದ್ರು, ಬರಫ ಕರಗಲಿಕತ್ತದ, ಅದು ಸಾಯತದ ಅಂದ್ರು. ಪಾಪ ಅನಿಸ್ತು. ಆದ್ರ ಮಂದಿ ಎದ್ದ ಹೋಗಲಿಕತ್ರು. ಯಾಕಂದ್ರ ಆ ಮಂಟಪದಾಗ ಫ್ಯಾನ್ ಬಂದ್ ಆಗಿತ್ತು. ನಾವೇ ಕರಡಿ ಆಗಿದ್ವಿ."

ಅವರ ಮಾತಿನ ರೀತಿ ಬೇರೆ. ಲೋಕ ಬಿಸಿಯಾಗುತ್ತಿದೆ ಎಂದು ಶುರುಮಾಡುವುದಿಲ್ಲ. "ರಾತ್ರಿ ನಿದ್ದಿ ಹತ್ತತದೇನ್ರೀ?" ಎಂದು ಕೇಳುತ್ತಾರೆ, ಉತ್ತರ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ತಗಡಿನ ಮನೆಯಲ್ಲಿ ಹೊಲಿಗೆ ಮಾಡುವ ನಾಹಿದ ಮಧ್ಯಾಹ್ನ ಮಷಿನ್ ಮುಟ್ಟಲಾಗುವುದಿಲ್ಲ, ಬಟ್ಟೆಗೆ ಬೆವರು ಹತ್ತುತ್ತದೆ ಎಂದಳು. ಅವಳೊಂದಿಗೆ ಸುಣ್ಣದ ಮಾತಲ್ಲ, ದಿನಕ್ಕೆ ಎಷ್ಟು ಜಂಪರ್ ಕಡಿಮೆ ಹೊಲಿಯುತ್ತೀ ಎಂಬ ಮಾತಾಡಿದರು. ಈಗ ಅವಳು ಮಧ್ಯಾಹ್ನವೂ ಎರಡು ತಾಸು ಹೊಲಿಯುತ್ತಾಳೆ, ತನ್ನ ಗಿರಾಕಿಗಳಿಗೆಲ್ಲ ಹೇಳುತ್ತಾಳೆ. ಗಿರಣಿ ಕಟ್ಟೆಯ ಮೇಲೆ ಯಾರೋ ಒಬ್ಬರು, ಸುಣ್ಣ ಸುಡಲಿಕ್ಕೂ ಭಟ್ಟಿ ಉರಿಸಬೇಕಲ್ಲ, ಅದರ ಹೊಗೆಯೂ ಬಿಸಿಯೇ ಅಲ್ಲವೇ ಎಂದು ಕೇಳಿದರಂತೆ. "ಖರೇ ಅದ" ಎಂದು ತುಳಜಾಬಾಯಿ ಒಪ್ಪಿಕೊಂಡರು. "ರೊಟ್ಟಿ ಬಡಿಲಿಕ್ಕೂ ಒಲಿ ಬೇಕು. ಆದ್ರ ಒಂದ ರೊಟ್ಟಿಗಿ ಊರ ಕಟಗಿ ಸುಡಬಾರದು. ಒಂದ ಸಲ ಸುಟ್ಟ ಸುಣ್ಣ ನಾಲ್ಕ ತಿಂಗಳ ಕೆಲಸ ಮಾಡತದ. ಎಸಿ ಹಚ್ಚಿದವರ ಮನಿ ಬಿಸಿ ಗಾಳಿ ಬಾಜೂ ಮನಿ ಕಿಡಕ್ಯಾಗ ಹೋಗತದ."

ಎಲ್ಲವೂ ಗೆದ್ದಿಲ್ಲ. ಮೊದಮೊದಲು ಹಚ್ಚಿಸಿದ ಮನೆಗೊಂದು ಬೇವಿನ ಸಸಿ ಎಂದು ಓಣಿಯಲ್ಲಿ ಹನ್ನೊಂದು ನೆಡಿಸಿದರು. ಉಳಿದದ್ದು ನಾಲ್ಕು. ಏಳನ್ನು ಭಾಗಣ್ಣನ ಆಡುಗಳು ತಿಂದವು. ಆಡುಗಳಿಗೆ ಮಾತಿನಲ್ಲಿ ತಿಳಿಹೇಳುವ ಉಪಾಯ ತಮಗಿನ್ನೂ ಸಿಕ್ಕಿಲ್ಲ ಎನ್ನುತ್ತಾರೆ ತುಳಜಾಬಾಯಿ.

ಆದರೆ ಮನುಷ್ಯರಿಗೆ ತಿಳಿಹೇಳಲು ಒಂದು ಉಪಾಯ ಕಂಡುಕೊಂಡಿದ್ದಾರೆ. ಪ್ರತಿ ಮಾಳಿಗೆಯಲ್ಲೂ ಮೆಟ್ಟಿಲ ಬಾಯಿಯಲ್ಲಿ ಒಂದೇ ಒಂದು ಫರಸಿಗೆ ಸುಣ್ಣ ಹಚ್ಚದೆ ಬಿಡುತ್ತಾರೆ. ಅದನ್ನು ಸಾಕ್ಷಿ ಫರಸಿ ಎನ್ನುತ್ತಾರೆ. ನಂಬದವರನ್ನು ಮಧ್ಯಾಹ್ನ ಒಂದು ಗಂಟೆಗೆ ಮೇಲೆ ಕರೆತಂದು ಚಪ್ಪಲಿ ಬಿಡಿಸಿ, ಒಂದು ಕಾಲು ಬಿಳಿಯ ಮೇಲೆ, ಒಂದು ಕಾಲು ಕರಿಯ ಮೇಲೆ ಇಡಿಸುತ್ತಾರೆ. ಕರಿ ಫರಸಿಯ ಕಾಲು ಎಣಿಸುವಷ್ಟರಲ್ಲಿ ಮೇಲೇಳುತ್ತದೆ. "ಮಂದಿಗಿ ಹೆದರಿಸಿದ್ರ ಕಿವಿ ಮುಚ್ಕೋತಾರ್ರೀ. ಕಾಲ ಸುಟ್ರ ತಾವೇ ಕೇಳತಾರ." ಮಾರ್ಚಿನಿಂದ ಮೇ ತನಕ ದಿನಕ್ಕೊಂದು, ಕೆಲವೊಮ್ಮೆ ಎರಡು ಮಾಳಿಗೆ. ಚಿತ್ತಾಪುರ, ನಾಲವಾರದಿಂದಲೂ ಕರೆ ಬರುತ್ತದೆ. ಬ್ರಷ್ಷನ್ನು ಹಳೆ ಸೀರೆಯಲ್ಲಿ ಸುತ್ತಿ ರೈಲು ಹತ್ತುತ್ತಾರೆ.

ಇಷ್ಟೆಲ್ಲ ಮಾತಾಡುವ ಹೆಂಗಸು ಪಕ್ಕದ ಮನೆಗೆ ಮಾತ್ರ ಹೇಳಲಿಲ್ಲ.

ಒಮ್ಮೆ ಹೇಳಿದ್ದರು. ಅಮೃತಪ್ಪ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು, ದಶರಥರ ಗೆಳೆಯ, ದಿನಾ ಸಂಜೆ ಬಂದು ಮಂಚದ ಬಳಿ ಕೂತು ಹೋಗುತ್ತಿದ್ದರು. "ಹಬ್ಬ ಇಲ್ಲ, ಹುಣ್ಣಿಮಿ ಇಲ್ಲ, ಮಾಳಗಿಗಿ ಯಾಕವ್ವಾ ಸಿಂಗಾರ?" ಎಂದು ನಕ್ಕುಬಿಟ್ಟರು. ಎರಡನೇ ಸಲ ತುಳಜಾಬಾಯಿ ಬಾಯಿ ತೆರೆಯಲಿಲ್ಲ.

"ಬ್ಯಾರೆ ಮಂದಿಗಾದ್ರ ಹತ್ತ ಸಲ ಹೇಳತಿದ್ದೆ. ಇವರಿಗೆ ಹ್ಯಾಂಗ ಹೇಳಲಿ? ಕೆಲಸ ಕೇಳಲಿಕ್ಕ ಬಂದಾಳ, ಗೆಳೆತನದಾಗ ಧಂದಾ ತಂದಾಳ ಅಂದ್ಕೊಂಡ್ರ? ಪುಕ್ಕಟ ಹಚ್ಚತೀನಿ ಅಂದ್ರ ಅವರ ಮರ್ಯಾದಿಗಿ ಕಡಿಮಿ. ಹಿಂಗ ವಿಚಾರ ಮಾಡ್ಕೋತ ಎರಡ ಬ್ಯಾಸಗಿ ಕಳದೆ. ಮೂರನೇ ಬ್ಯಾಸಗ್ಯಾಗ ಅಣ್ಣ ಹ್ವಾದ್ರು."

ಡಾಕ್ಟರು ಹೃದಯ ನಿಂತಿತು ಎಂದರು. ಅಂದು ದಶರಥರ ಮಂಚದ ಬಳಿಯ ಮಾಪಕ ನಲವತ್ತೆರಡು ತೋರಿಸುತ್ತಿತ್ತು. ಗೋಡೆಯಾಚೆಯ ಕೋಣೆಯಲ್ಲಿ ಎಷ್ಟಿತ್ತೋ, ಅಲ್ಲಿ ಮಾಪಕ ಇರಲಿಲ್ಲ. ಬಿಸಿಲೇ ಕಾರಣ ಎಂದು ತುಳಜಾಬಾಯಿ ಯಾರಿಗೂ ಹೇಳುವುದಿಲ್ಲ. ಅಲ್ಲ ಎಂದೂ ಅವರ ಮನಸ್ಸು ಒಪ್ಪುವುದಿಲ್ಲ.

ಈ ಮಾರ್ಚಿನಲ್ಲಿ ಭಾಗ್ಯಜ್ಯೋತಿಗೆ ಹೆರಿಗೆಯಾಗಿ ಅವಳು ಆ ಕೋಣೆಗೇ ಬಂದಳು. ಕಿವಿಗೆ ಬಟ್ಟೆ ಕಟ್ಟಿಕೊಂಡು, ಕಿಟಕಿ ಮುಚ್ಚಿಕೊಂಡು ಕೂತ ಬಾಣಂತಿ. ಮೈತುಂಬ ಬೆವರುಸಾಲೆ ಎದ್ದ ಕೂಸು ಮಧ್ಯಾಹ್ನವಿಡೀ ಅಳುವುದು ಗೋಡೆಯಾಚೆಗೂ ಕೇಳುತ್ತಿತ್ತು. ಈ ಸಲ ತುಳಜಾಬಾಯಿ ನಾಚಿಕೆ ಬಿಟ್ಟು ಹೋದರು.

ಲಲಿತಾಬಾಯಿ ತಲೆಯಲ್ಲಾಡಿಸಿದರು. "ವರ್ಷ ತುಂಬಿಲ್ಲ ತುಳಜಾ. ಸುಣ್ಣ ಹಚ್ಚಿದ್ರ ಮಂದಿ ಏನಂತಾರ? ಗಂಡ ಹೋಗಿ ವರ್ಷ ಆಗಿಲ್ಲ, ಮನಿ ಬೆಳಗ ಮಾಡಲಿಕತ್ತಾಳ ಅಂತಾರ. ಸೇಡಂದಿಂದ ಭಾವನವರು ಬಂದ್ರ ನಾ ಏನ ಹೇಳ್ಲಿ?"

ಲಲಿತಾಬಾಯಿಯ ಮನೆಯವರು ಬಸವಣ್ಣನವರನ್ನು ನಂಬಿದವರು. ಶರಣರು ಸೂತಕವಿಲ್ಲ ಎಂದಿದ್ದಾರೆ. ಅದು ತುಳಜಾಬಾಯಿಗೂ ಗೊತ್ತು. ಆದರೆ ಆ ಮಾತು ನಾಲಿಗೆಯ ತುದಿಗೆ ಬಂದರೂ ಆಡಲಿಲ್ಲ. "ಅವರ ಧರ್ಮ ಅವರಿಗೆ ನಾ ಕಲಿಸಲಿಕ್ಕ ಹೋದ್ರ, ಧರ್ಮಾನೂ ಉಳಿಯಂಗಿಲ್ಲ, ಗೆಳೆತನಾನೂ ಉಳಿಯಂಗಿಲ್ಲ."

ಬದಲಿಗೆ ಬೇರೆ ದಾರಿ ಹಿಡಿದರು. "ಬ್ಯಾಡ ಅಂದ್ರ ಬ್ಯಾಡಕ್ಕ. ಬಿಳಿ ಚೀಲ ಹೊಲಿಸಿ ಹಾಸತೀನಿ. ಚೀಲಕ್ಕೇನು ಹಬ್ಬ ಇರಂಗಿಲ್ಲಲ್ಲ?"

"ಬಾಣಂತಿಗಿ ತಂಪ ಆದ್ರ?" ಅದು ಲಲಿತಾಬಾಯಿಯ ಎರಡನೇ ಅಡ್ಡಿ.

"ತಂಪ ಅಲ್ಲಕ್ಕ, ಕಾವ ಕಡಿಮಿ. ಕೂಲರ ಗಾಳಿ ಬಾಣಂತಿಗಿ ಆಗಂಗಿಲ್ಲ ಅಂತೀರಿ. ಇದರಾಗ ಗಾಳಿನೇ ಇಲ್ಲ."

ಮೂಲೆಯಿಂದ ಭಾಗ್ಯಜ್ಯೋತಿ, "ಮೌಶಿ, ಏನರ ಹಾಸ್ರಿ, ಮೊದಲ ಹಾಸ್ರಿ" ಎಂದಳು.

ನಾಹಿದ ರಸಗೊಬ್ಬರದ ನಲವತ್ತು ಖಾಲಿ ಚೀಲಗಳನ್ನು ತೊಳೆದು ಹೊಲಿದುಕೊಟ್ಟಳು. ಅವನ್ನು ಹಾಸಿ ಅಂಚಿಗೆ ಕಲ್ಲು ಹೇರಿದರು. ಎರಡು ದಿನ ಕೂಸು ತುಸು ಹೊತ್ತು ಮಲಗಿತು. ಮೂರನೆಯ ದಿನ ಮಧ್ಯಾಹ್ನ ಸುಂಟರಗಾಳಿ ಎದ್ದು ಚೀಲವನ್ನೆಲ್ಲ ಹಾರಿಸಿ ತುಳಜಾಬಾಯಿಯ ಮಾಳಿಗೆಯ ಮೇಲೆ ಒಗೆಯಿತು.

ಗಾಬರಿಯಲ್ಲಿ ಲಲಿತಾಬಾಯಿ ಬರಿಗಾಲಲ್ಲೇ ಮೇಲೆ ಹತ್ತಿದರು. ತಮ್ಮ ಮಾಳಿಗೆ ದಾಟುವಾಗ ಕಾಲೆತ್ತಿ ಕಾಲೆತ್ತಿ ಓಡಿದರು. ಮೊಳಕಾಲೆತ್ತರದ ನಡುಗೋಡೆ ದಾಟಿ ಈಚೆಗೆ ಕಾಲಿಟ್ಟವರು ನಿಂತರು. ಚೀಲ ಎತ್ತಿಕೊಳ್ಳಲಿಲ್ಲ. ಸುಡುಬಿಸಿಲಿನಲ್ಲಿ, ಬಿಳಿ ಫರಸಿಯ ಮೇಲೆ, ಎರಡೂ ಪಾದ ಊರಿ ನಿಂತೇ ಇದ್ದರು. ಕೆಳಗೆ ಮಂಚದ ಮೇಲಿದ್ದ ದಶರಥರಿಗೆ ಓಡುವ ಹೆಜ್ಜೆ ಕೇಳಿ, ಆಮೇಲೆ ಏನೂ ಕೇಳದೆ, ಯಾರು ಬಿದ್ದರೋ ಎಂದು ಭಯವಾಯಿತಂತೆ. ತುಳಜಾಬಾಯಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

"ಅವಾಗ ನಾ ಒಂದ ಮಾತ ಆಡಿದ್ರೂ ಕೆಡತಿತ್ತು. ನೋಡಿದ್ಯಾ ಅಕ್ಕ, ನಾ ಹೇಳಿರಲಿಲ್ಲಾ ಅಂದಿದ್ರ ಮುಗೀತಿತ್ತು. ಆರ ವರ್ಷ ಮಾತಾಡಲಿಕ್ಕ ಕಲ್ತೆ. ಸುಮ್ಮ ಇರೋದು ಅವತ್ತ ಕಲ್ತೆ."

ಮೊನ್ನೆ ನಡೆದದ್ದು ಇದು. ನಿನ್ನೆ ಸಂಜೆ ನೋಡಿದರೆ ಎರಡು ಮನೆಗಳ ನಡುಗೋಡೆಯ ಮೇಲೆ ಸಾಲಾಗಿ ಐದು ಕೊಡ ನೀರು. ನಾಲ್ಕು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ ಬಾಣಂತಿಯ ಮನೆಯವರು ಐದು ಕೊಡ ನೀರನ್ನು ಸುಮ್ಮನೆ ಇಡುವುದಿಲ್ಲ. ಒಂದು ಮಾಳಿಗೆಗೆ ಬೇಕಾಗುವುದು ಐದೇ ಕೊಡ. ಆ ಲೆಕ್ಕವನ್ನು ತುಳಜಾಬಾಯಿ ಆರು ವರ್ಷದಿಂದ ನಳದ ಬಳಿ ಹೇಳುತ್ತಾ ಬಂದಿದ್ದಾರೆ. ಲಲಿತಾಬಾಯಿ ಅದನ್ನು ಕೇಳಿಸಿಕೊಂಡಿದ್ದರು.

ಗೋಡೆಗೆ ಒಂದು ಹನಿಯೂ ತಾಗಬಾರದೆಂಬುದು ಮನೆಯೊಡತಿಯ ಒಂದೇ ಷರತ್ತು. ಅಂಚಿನಲ್ಲಿ ತುಳಜಾಬಾಯಿ ಬ್ರಷ್ ಬಿಟ್ಟು ಕೈಯಲ್ಲಿ ಚಿಂದಿ ಹಿಡಿದು ಕುಕ್ಕರುಗಾಲಲ್ಲಿ ಕೂತು ಒರೆಸಿ ಒರೆಸಿ ಹಚ್ಚುತ್ತಾರೆ. ಬೀದಿಯಿಂದ ನೋಡಿದರೆ ಈ ಮನೆ ಇನ್ನೂ ವರ್ಷ ತುಂಬದ ಮನೆಯೇ. ಕೆಳಗೆ ಹಾದುಹೋಗುತ್ತಿದ್ದ ಮಜೀದಸಾಬ ತಲೆಯೆತ್ತಿ ನೋಡುತ್ತಾರೆ, ಗಡ್ಡ ಸವರಿಕೊಂಡು ಗಿರಣಿಯ ಕಡೆ ನಡೆಯುತ್ತಾರೆ.

ಎಂಟೂವರೆಗೆ ಎರಡನೇ ಕೈ ಮುಗಿಯುತ್ತದೆ. ಮೆಟ್ಟಿಲ ಬಾಯಿಯ ಒಂದು ಫರಸಿ ಮಾತ್ರ ಕರಿದಾಗಿ ಉಳಿದಿದೆ. ಲಲಿತಾಬಾಯಿ ಚಹಾ ಹಿಡಿದುಕೊಂಡು ಮೇಲೆ ಬರುತ್ತಾರೆ. ಹೊರಗಿನವರೆದುರು ಅವರು ಹೆಚ್ಚು ಮಾತಾಡುವವರಲ್ಲ. ಕರಿ ಫರಸಿಯನ್ನು ನೋಡುತ್ತಾರೆ.

"ಇದ್ಯಾಕ ಬಿಟ್ಟಿ?"

"ಎಲ್ಲಾರ ಮನ್ಯಾಗೂ ಬಿಡತೀನಕ್ಕ. ಸಾಕ್ಷಿಗಿ."

ಲಲಿತಾಬಾಯಿ ಚಹಾದ ಬಸಿಯನ್ನು ನಡುಗೋಡೆಯ ಮೇಲಿಡುತ್ತಾರೆ. "ಈ ಮನಿಗಿ ಸಾಕ್ಷಿ ಬ್ಯಾಡ ತುಳಜಾ. ಹೋದ ವರ್ಷನೇ ಆಗಿ ಹೋಗ್ಯಾದ. ಹಚ್ಚು."

ತುಳಜಾಬಾಯಿ ಬಕೆಟ್ಟಿನ ತಳವನ್ನು ಬಳಿದು ಆ ಫರಸಿಗೂ ಹಚ್ಚುತ್ತಾರೆ. ಒಂದು ಸಲ, ಮತ್ತೊಂದು ಸಲ. ಆಮೇಲೆ ಚಾಳೀಸು ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸುತ್ತಾರೆ.

ಚಹಾ ಕುಡಿಯುವಾಗ ಅವರು ಹೇಳಿದ್ದು ಇಷ್ಟೇ: "ಮಂದಿ ಕೇಳತಾರ, ಒಬ್ಬಾಕಿ ಸುಣ್ಣ ಹಚ್ಚಿದ್ರ ಲೋಕದ ಬಿಸಲ ಹೋಗತದೇನು ಅಂತ. ಹೋಗಂಗಿಲ್ರೀ. ಉಳಿದದ್ದು ಏಳ ಮನಿ ಅವ. ಮಳಿ ಬರೋದರಾಗ ಆ ಏಳೂ ಮನ್ಯಾಗ ಕುಂತು ಮಾತಾಡಬೇಕು. ದೋಸ್ತರ ಮನಿಗಿ ಮೊದಲ ಹೋಗತೀನಿ ಈಗ."

ಮಧ್ಯಾಹ್ನ ಎರಡಕ್ಕೆ ದಶರಥರ ಮಾಪಕವನ್ನು ನಿನ್ನೆಯ ಹಾಗೆಯೇ ಪಕ್ಕದ ಮನೆಗೆ ಒಯ್ದು ತೂಗುಹಾಕಲಾಯಿತು. ನಿನ್ನೆ ಇದೇ ಹೊತ್ತಿಗೆ ನಲವತ್ತನಾಲ್ಕು ಇತ್ತು, ಇಂದು ನಲವತ್ತು. ಭಟ್ಟಿ ಓಣಿಯ ನಲವತ್ತಾರು ಮನೆಗಳಲ್ಲಿ ಮೂವತ್ತೊಂಬತ್ತರ ಮಾಳಿಗೆ ಬೆಳ್ಳಗಾಗಿದೆ. ಕೂಸು ಎರಡು ತಾಸು ಅಳದೆ ಮಲಗಿದೆ. ಅಮೃತಪ್ಪನವರಿಗೆ ಎರಡನೇ ಸಲ ಹೇಳಬೇಕಿದ್ದ ಮಾತು ಅವರ ಮನೆ ಮುಟ್ಟಲು ಒಂದು ಬೇಸಿಗೆ ತಡವಾಯಿತು.